ಕಿರುಬೆರಳಿಗೆ ಜಾಗ

ಎಸ್ಟೋನಿಯಾದ ವೋರು ಊರಲ್ಲಿ ಫೆಬ್ರವರಿ ಅಂದರೆ
ಕೆರೆಯ ಮೇಲೆ ಕಾರು ಓಡಿಸುವ ತಿಂಗಳು.
ಮೈಮುವಿನ ಕಿಟಕಿ ಚೌಕಟ್ಟಿನ ಶೆಡ್ಡಿನಲ್ಲಿ
ಒಲೆ ಹೊತ್ತಿಕೊಳ್ಳುವ ತನಕ
ಅಂಟಿನ ಡಬ್ಬಿಗಳನ್ನು ಕೋಟಿನೊಳಗೆ ಅವುಚಿಕೊಂಡು
ಇಬ್ಬರೂ ನಿಂತಿರುತ್ತಿದ್ದೆವು,
ಕಾವಿಗೆ ಕೂತ ಕೋಳಿಗಳು.

ಮೊದಲ ವಾರ ಅವಳು ನನ್ನನ್ನು
ಗರಗಸದ ಮೇಜಿನ ಹತ್ತಿರ ಸೇರಿಸಲಿಲ್ಲ.
"ಅದಕ್ಕೆ ತಿನ್ನಲು ಏನಾದರೂ ಮಾಡಿಡು" ಅಂದಳು.

ಹನ್ನೆರಡು ಮಿಲಿಮೀಟರ್ ಬರ್ಚ್ ಪ್ಲೈವುಡ್ಡು,
ಮೂತಿಯಲ್ಲಿ ಕೊಕ್ಕಿನಂಥ ಒಂದು ಕಚ್ಚು,
ನೂಕುಗೋಲು ಅಂದರೆ ಇಷ್ಟೇ.
ಕಬ್ಬಿಣದ್ದು ಯಾಕಾಗದು ಅಂತ ಕೇಳಿದೆ.
"ಹಲ್ಲಿಗೆ ಸಿಕ್ಕಿದ್ದು ಹಲ್ಲು ಮುರಿಯಬಾರದು.
ತಿನಿಸಿಕೊಳ್ಳಬೇಕು, ಸದ್ದಿಲ್ಲದೆ."
ಮೂಲೆಯ ಡಬ್ಬದಲ್ಲಿ ಹಳೆಯವು ಇದ್ದವು,
ಮೂಗು ಹೋದವು, ಗಲ್ಲ ಹೋದವು.

ಗರಿಹಲಗೆ ಇನ್ನೂ ಬೇಸರ.
ತುದಿಯನ್ನು ಓರೆಯಾಗಿ ಕೊಯ್ದು
ಬಾಚಣಿಗೆಯ ಹಾಗೆ ಸೀಳುತ್ತಾ ಹೋಗಬೇಕು, ಕೈಗರಗಸದಲ್ಲಿ.
ಮುಂದೆ ಹೋಗುವ ಮರಕ್ಕೆ ಬಾಗಿ ದಾರಿ ಬಿಟ್ಟು
ಹಿಂದೆ ನುಗ್ಗುವುದಕ್ಕೆ ಅಡ್ಡ ನಿಲ್ಲುವ ಬೆರಳುಗಳು.
ನನ್ನದರಲ್ಲಿ ಹನ್ನೊಂದಿದ್ದವು. ಎರಡು ಮುರಿದವು.
ಉಳಿದವನ್ನು ಮೈಮು
ಕಾನ್ನೆಲ್ ತಂತಿ ಮೀಟುವ ಹಾಗೆ ಮೀಟಿ,
ಕಿವಿ ಹತ್ತಿರ ತಂದು,
"ಮೂರನೆಯದು ಸತ್ತಿದೆ, ದಪ್ಪ ಜಾಸ್ತಿ" ಅಂದಳು.

ನಾಲ್ಕನೆಯ ದಿನ ತಳ್ಳುಹಿಡಿಯ ಸರದಿ.
ಅದರ ಅಚ್ಚು ಮೊಳೆಗೆ ನೇತು ಬಿದ್ದಿತ್ತು,
ಎಣ್ಣೆ ಕುಡಿದು ಕಪ್ಪಾದ ಮೂರುಪದರದ ಹಲಗೆ.
ಹಾಗೇ ಗೆರೆ ಎಳೆದು, ಹಾಗೇ ಕೊಯ್ದು,
ಅಂಚು ಉಜ್ಜಿ ಕೈಯಲ್ಲಿ ಹಿಡಿದೆ.
ಹಿಡಿ ತೋರುಬೆರಳಿಗೆ ಒಪ್ಪಿತು, ನಡುಬೆರಳಿಗೂ ಒಪ್ಪಿತು,
ಆಮೇಲೆ ಮುಗಿದುಹೋಯಿತು.
ಉಳಿದೆರಡು ಬೆರಳು ಗಾಳಿಯಲ್ಲಿ,
ಕರೆಯದ ಮದುವೆಗೆ ಬಂದವರ ಹಾಗೆ.

ತಪ್ಪು ನನ್ನದೇ ಅಂದುಕೊಂಡೆ.
ಇನ್ನೊಂದು ಮಾಡಿದೆ. ಮತ್ತೊಂದು.
ಮೂರನೆಯದನ್ನೂ ಅಳೆದು ನೋಡಿ
ಕಡೆಗೆ ಕೇಳಿಯೇಬಿಟ್ಟೆ.

ರೈ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು.
"ಅದು ಎಂಡೆಲ್‌ನ ಕೈ" ಅಂದಳು.
"ಆದ ಮೇಲಿನ ಕೈ."

ಬೆರಳು ತೋರಿಸಿದರೆ ಹಸ್ತ ನುಂಗುವವರಿದ್ದಾರೆ ಅನ್ನುತ್ತಾರೆ.
ಆ ಗರಗಸ ಅಷ್ಟು ದುರಾಸೆಯದಲ್ಲ,
ಎರಡೇ ಸಾಕು ಅಂದಿತ್ತು.
ಆಸ್ಪತ್ರೆಯಿಂದ ಬಂದ ಸಂಜೆಯೇ ಎಂಡೆಲ್
ಬ್ಯಾಂಡೇಜಿನ ಕೈಯನ್ನು ಹಲಗೆಯ ಮೇಲೆ ಊರಿ
ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಸುತ್ತ ಗೆರೆ ಎಳೆದನಂತೆ.
ಕೈಗೆ ತಕ್ಕ ಹಿಡಿ.
ಅವನಿಂದ ಕೆಲಸ ಕಲಿತವಳು ಮೈಮು,
ಅಚ್ಚಿನ ಜೊತೆ ಅದನ್ನೂ ಕಲಿತಳು.

ಆಗ ಅವಳ ಕೈ ನೋಡಿದೆ.
ಐದಕ್ಕೆ ಐದೂ ಇದ್ದವು.
ಆದರೆ ಚಹಾದ ಲೋಟ ಎತ್ತುವಾಗ,
ಚಿಲಕ ತೆಗೆಯುವಾಗ,
ಆಗ ಬೆಣ್ಣೆಯ ಚಾಕು ಹಿಡಿದಿದ್ದಾಗಲೂ
ಕಡೆಯ ಎರಡು ಬೆರಳು ಅಂಗೈಯೊಳಕ್ಕೆ ಮಡಚಿ
ತೆಪ್ಪಗೆ ಮಲಗಿದ್ದವು.
ಇಪ್ಪತ್ತೆರಡು ವರ್ಷ.

ರೊಟ್ಟಿ ಮುಗಿಸಿ ಕೈ ಒರೆಸಿಕೊಂಡು
ಹೊಸ ಹಲಗೆ ತಂದಳು. "ಇಡು" ಅಂದಳು.
ಬೆರಳುಗಳ ಸಂದಿಯಲ್ಲಿ ಪೆನ್ಸಿಲ್ ಇಳಿದು ಹತ್ತುವಾಗ
ಕಚಗುಳಿ ತಡೆಯಲಾಗದೆ ನಕ್ಕೆ.
ಅವಳು ನಗಲಿಲ್ಲ,
ಕಿರುಬೆರಳ ತುದಿ ದಾಟುವಲ್ಲಿ ಒಮ್ಮೆ ನಿಧಾನಿಸಿದಳು.
ಆಮೇಲೆ ನನ್ನ ಗೆರೆಯ ಮೇಲೆ ತನ್ನ ಕೈ ಇಟ್ಟಳು.
ಮಡಚಿದ್ದನ್ನು ಇನ್ನೊಂದು ಕೈಯಿಂದ ಬಿಡಿಸಿ
ಒಂದೊಂದಾಗಿ ಮಲಗಿಸಬೇಕಾಯಿತು.

ಹಳೆಯ ಅಚ್ಚನ್ನು ಒಲೆಗೆ ಹಾಕಲಿಲ್ಲ.
ಮೊಳೆಗೂ ಮರಳಲಿಲ್ಲ ಅದು.
ಗಾಳಿಗೆ ಬಾಗಿಲು ಬಡಿಯುತ್ತಿತ್ತು,
ಕೆಳಗಿನ ಸಂದಿಗೆ ಸಿಕ್ಕಿಸಿದಳು, ಸರಿಯಾಗಿ ಕೂತಿತು.

ಮಧ್ಯಾಹ್ನ ಗರಗಸ ಹಾಕಿದೆವು.
"ಅಲಗಿನ ನೇರಕ್ಕೆ ನಿಲ್ಲಬೇಡ, ಎಡಕ್ಕೆ ಬಾ."
ಎಡಕ್ಕೆ ಬಂದೆ.
ಪೈನ್ ಪಟ್ಟಿ ಹೊರಟಿತು, ಗರಿಹಲಗೆ ಬಾಗಿತು,
ಹೊಸ ಹಿಡಿಯ ಹಿಮ್ಮಡಿ ಅಲಗನ್ನು ದಾಟುವಾಗ
ಕರ್ ಅಂತ ಒಂದು ತುತ್ತು.
ಸ್ವಿಚ್ ಆರಿಸಿ, ಅಲಗು ನಿಂತ ಮೇಲೆ ತಿರುಗಿಸಿ ನೋಡಿದೆ,
ಕಡ್ಡಿ ಇಡುವಷ್ಟು ಅಗಲದ ಗಾಯ, ಬಿಳಿ ಬರ್ಚಿನಲ್ಲಿ.

ಮೈಮು ಪಟ್ಟಿಯ ಅಂಚು ಸವರುತ್ತಿದ್ದಳು.
"ಇನ್ನೂ ಮೂವತ್ತೊಂದಿವೆ" ಅಂದಳು.