ಶಾಲಿನ ತೂಕ

ಊರಿಗೆ ರೈಲು ಬಂದದ್ದಲ್ಲ,
ರೈಲಿಗೆ ಊರು ಬಂತು.
ಮೊದಲು ಹಳಿ, ಆಮೇಲೆ ನೀರಿನ ತೊಟ್ಟಿ,
ಆ ನೀರಿಗೆ ಆಸೆಪಟ್ಟು ನಾಲ್ಕು ಮನೆ.
ಸುತ್ತ ಪಂಪಾದ ಹುಲ್ಲು,
ಅಂಚು ಹೊಲಿಯದ ಬಟ್ಟೆ.

ಅಳತೆಗೆ ಬಂದ ಇಂಗ್ಲಿಷ್ ದೊರೆ
ಹಲಗೆಯ ಮೇಲೆ ಮಗಳ ಹೆಸರು ಬರೆಸಿದ: ಹ್ಯಾರಿಯೆಟ್.
ನಮ್ಮ ನಾಲಿಗೆಗೆ ಹಕಾರ ಏಳದು.
ಅರ್ಯೇತಾ ಎಂದೆವು, ಅದೇ ನಿಂತಿತು.
ಅವಳು ಒಮ್ಮೆಯೂ ಇಲ್ಲಿ ಇಳಿಯಲಿಲ್ಲ.

ಬೆಳಗಿನ ನಾಲ್ಕಕ್ಕೆ ಹಾಲಿನ ಗಾಡಿ.
ಕ್ಯಾನುಗಳ ಸದ್ದಿಗೇ ಊರು ಕಣ್ಣು ಬಿಡುತ್ತಿತ್ತು,
ಹುಂಜಗಳಿಗೆ ಕೆಲಸವಿರಲಿಲ್ಲ.
ಸ್ಟೇಷನ್ ಮಾಸ್ತರ ಎವಾರಿಸ್ತೋ ಇಚಾರ್ತೆ
ಟೋಪಿ ಇಲ್ಲದೆ ಬಾವುಟ ಎತ್ತಿದವನಲ್ಲ;
ಜ್ವರ ಬಂದ ದಿನ ಹೆಂಡತಿ ಎತ್ತಿದಳು,
ಅವಳ ತಲೆಗೂ ಟೋಪಿ ಇಡಿಸಿದ.

ಊರಿಗೆ ದವಾಖಾನೆ ಇರಲಿಲ್ಲ. ಇದ್ದದ್ದು
ಪಾರ್ಸಲು ತೂಗುವ ಕಬ್ಬಿಣದ ತಕ್ಕಡಿ.
ಹೆತ್ತ ಎಂಟನೆಯ ದಿನ ತಾಯಂದಿರು
ಕೂಸನ್ನು ಶಾಲಿನಲ್ಲಿ ಸುತ್ತಿ ತರುತ್ತಿದ್ದರು.
ಮಾಸ್ತರ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು,
ಶಾಲಿಗೆಂದು ಇನ್ನೂರು ಗ್ರಾಂ ಕಳೆದು,
ಪಾರ್ಸಲು ಪುಸ್ತಕದಲ್ಲೇ ಬರೆಯುತ್ತಿದ್ದ,
ಉಣ್ಣೆಯ ಮೂಟೆಗೂ ಜೇನಿನ ಡಬ್ಬಿಗೂ ನಡುವೆ.
ಬೇರೆ ಪುಸ್ತಕ ಇರಲಿಲ್ಲ.

ಕೊನೆಯ ರೈಲು ಕೊನೆಯದೆಂದು ಹೇಳಿ ಬರಲಿಲ್ಲ.
ಮಂಗಳವಾರ ಬಂತು, ಎರಡು ಸೈಕಲ್ಲು ಇಳಿಸಿತು,
ಹಲ್ಲುನೋವಿನ ಸೆಲೆಸ್ತೀನೋನನ್ನು ಹತ್ತಿಸಿಕೊಂಡಿತು.
ಗುರುವಾರ ಬರಲಿಲ್ಲ.
ಇನ್ನೊಂದು ಗುರುವಾರವೂ.
ಸೆಲೆಸ್ತೀನೋ ದನದ ಲಾರಿಯಲ್ಲಿ ಮರಳಿದ,
ಬಾಯಲ್ಲಿ ಹಲ್ಲಿರಲಿಲ್ಲ, ಸುದ್ದಿ ಇತ್ತು.
ಆದರೂ ಮಾಸ್ತರ ಸಂಜೆ ಸಂಜೆ ಏಣಿ ಹತ್ತಿ
ಸಿಗ್ನಲ್ಲಿಗೆ ದೀಪವಿಟ್ಟ, ಒಂದು ತಿಂಗಳು.
ಆಮೇಲೆ ಎಣ್ಣೆ ಮುಗಿಯಿತು.
ಎಣ್ಣೆ ಬರುತ್ತಿದ್ದದ್ದೂ ರೈಲಿನಲ್ಲೇ.

ಹಳಿ ಯಾರು ಒಯ್ದರೋ. ಗಡಿಯಾರ ಯಾರೆಂದು ಗೊತ್ತು,
ಹೇಳುವುದಿಲ್ಲ.

ಈಗ ಟಿಕೆಟ್ಟಿನ ಕಿಂಡಿಯಲ್ಲಿ ನಾನು ಬ್ರೆಡ್ಡು ಮಾರುತ್ತೇನೆ.
"ರೊಸಾರಿಯೋಗೆ ಒಂದು," ಎನ್ನುತ್ತಾನೆ ಮುದುಕ ಅಗೇರೆ,
ಹನ್ನೊಂದು ವರ್ಷದಿಂದ ಅದೇ ತಮಾಷೆ.
"ಹೋಗೋಕಷ್ಟೇನಾ, ಬರೋಕೂನಾ?" ಎಂದರೆ
ಎರಡು ಕೊಳ್ಳುತ್ತಾನೆ.

ಪುಸ್ತಕ ಸಿಕ್ಕಿದ್ದು ಬೀರುವಿನ ಹಿಂದೆ, ಸುಣ್ಣ ಬಳಿಯುವಾಗ.
ಒಂದಷ್ಟು ವರ್ಷ ಇಲಿ ತಿಂದಿದ್ದವು.
ನನ್ನ ಸಾಲು ಉಳಿದಿತ್ತು:
ಮೂರು ಕಿಲೋ ನಾನೂರು.
ಕಳಿಸಿದವರು, ಒದುಲಿಯಾ ಬಾರ್ರಾಗಾನ್.
ಷರಾ, ಒಡೆಯುವಂಥದು, ಜೋಪಾನ.
ತಲುಪಬೇಕಾದ ಊರು ಎಂಬಲ್ಲಿ
ಮಸಿಯ ಒಂದು ತೊಟ್ಟು.
ಲೇಖನಿ ಅದ್ದಿದ್ದಾನೆ, ತಡೆದಿದ್ದಾನೆ.

ಹಿಟ್ಟು ಅದೇ ತಕ್ಕಡಿಯಲ್ಲಿ ತೂಗುತ್ತೇನೆ.
ಏನೂ ಇಡದಿದ್ದರೂ ಮುಳ್ಳು
ಇನ್ನೂರು ಗ್ರಾಂ ತೋರಿಸುತ್ತದೆ.
ರಿಪೇರಿಯವನು ಬಂದಿದ್ದ, ಬೇಡವೆಂದೆ.
ಗಿರಾಕಿಗಳಿಗೆ ಗೊತ್ತು,
ಕಳೆದು ಕೊಡುತ್ತೇನೆ.