ಕೆಟ್ಟ ಕೆಟಲು

ಮಂಗಳವಾರ, ಸಂಜೆ ಏಳು. ಫ್ರೇಜರ್‌ಬರ್ಗ್ ಬಂದರಿನ ಹಿಂದೆ
ಚರ್ಚಿನ ನೆಲಮಾಳಿಗೆ. ಹೀಟರು ಕೆಮ್ಮಿ ಕೆಮ್ಮಿ
ಕೊನೆಗೂ ಹತ್ತಿಕೊಂಡಿತು.
ಎಷ್ಟು ಉಜ್ಜಿ ತೊಳೆದರೂ ಕೈಬಿಡದ ಮೀನುವಾಸನೆಯೊಂದಿಗೆ
ಬಂದು ಕೂತಿದ್ದಾರೆ ಒಂಬತ್ತು ಮಂದಿ,
ಕೋಟು ಬಿಚ್ಚದೆ.

ಇವತ್ತಿನ ಚಟುವಟಿಕೆ: ದೂರು ಕೊಡುವುದು.
ಹಳದಿ ಚೀಟಿಯವರು ಗಿರಾಕಿ, ನೀಲಿ ಚೀಟಿಯವರು ಅಂಗಡಿಯವರು.
ನಿನ್ನೆ ಕೊಂಡ ಕೆಟಲು ಕಾಯುತ್ತಿಲ್ಲ, ದುಡ್ಡು ವಾಪಸು ಬೇಕು.
ಮೇಜಿನ ಮೇಲೆ ನಿಜದ್ದೇ ಒಂದನ್ನು ಇಟ್ಟಿದ್ದೇನೆ,
ನಮ್ಮತ್ತೆ ಇಪ್ಪತ್ತು ವರ್ಷ ಕಾಯಿಸಿ ಕಾಯಿಸಿ ತಳ ಕಪ್ಪಾಗಿಸಿದ್ದು.

ಮಾತು ಬಲ್ಲವರಿಗೆ ಜಗಳವಿಲ್ಲವಂತೆ.
ಇಲ್ಲಿ ಉಲ್ಟಾ:
ಜಗಳ ಬಾರದೆ ಮಾತೂ ಬರುತ್ತಿಲ್ಲ.

ಡೊಮಿಂಗಸ್ ಎದ್ದಳು, ತಿಮೋರಿನವಳು.
ಕೆಟಲನ್ನು ಜ್ವರದ ಮಗುವಿನ ಹಾಗೆ ಎತ್ತಿಕೊಂಡು
"ಕ್ಷಮಿಸಿ" ಅಂದಳು, "ತಪ್ಪು ನನ್ನದೇ ಇರಬಹುದು."
ಅಂಗಡಿಯ ಇಂಗ್ರಿಡಾ ಚೀಟಿ ನೋಡಿದಳು,
ಮಡಚಿ ಜೇಬಿಗಿಟ್ಟಳು.
"ಪರವಾಗಿಲ್ಲ, ಕೂತ್ಕೊಳ್ಳಿ. ದುಡ್ಡು ತಗೊಳ್ಳಿ. ಟೀ ಕುಡೀರಿ."
"ಯಾವುದರಲ್ಲಿ ಕಾಯಿಸ್ತೀರಿ?" ಹಿಂದಿನ ಸಾಲಿಂದ ಯಾರೋ.
ನಗು. ನನ್ನ ಪಾಠ ಅಲ್ಲಿಗೆ ಮಣ್ಣುಪಾಲು.

ಹಾಗಲ್ಲ, ಅಂದೆ. ನೀಲಿ ಚೀಟಿ ಅಷ್ಟು ಸಲೀಸಾಗಿ ಬಗ್ಗಬಾರದು,
ರಸೀದಿ ಇದೆಯಾ ಅಂತ ಕೇಳಬೇಕು.
ಹಳದಿ ಚೀಟಿ ಹಿಂದೆ ಸರಿಯಬಾರದು.
"ಮ್ಯಾನೇಜರ ಹತ್ತಿರ ಮಾತಾಡಬೇಕು ನಾನು."
ಎಲ್ಲರೂ ಒಟ್ಟಿಗೆ. ಇನ್ನೊಮ್ಮೆ. ಗಟ್ಟಿಯಾಗಿ.
ಒಂಬತ್ತು ಗಂಟಲು, ಐದು ದೇಶದ ರಕಾರ;
ಮೇಲೆ ಭಾನುವಾರದ ಹಾಡಿಗೆ ದನಿ ಕೂಡಿಸುತ್ತಿದ್ದವರು
ತಟ್ಟನೆ ಸುಮ್ಮನಾದರು.

ನಾನೂ ಈ ಇಂಗ್ಲಿಷನ್ನು ಕಲಿತವಳೇ.
ನಮ್ಮ ಊರ ಬಾಯಲ್ಲಿ ಏನು, ಎಲ್ಲಿ, ಯಾವಾಗ
ಎಲ್ಲಕ್ಕೂ ಫಕಾರ: ಫಿಟ್, ಫಾರ್, ಫ್ಯಾನ್.
ಶಾಲೆಯಲ್ಲಿ ಹಾಗಂದದ್ದಕ್ಕೆ ಅಂಗೈ ಮೇಲೆ ಚರ್ಮದ ಪಟ್ಟಿ.
ಈಗ ಇವರಿಗೆ ಪುಸ್ತಕದ್ದನ್ನೇ ತಿದ್ದುತ್ತೇನೆ.
ಬೇಕರಿಗೆ ಹೋದರೆ ಊರು ಇವರನ್ನು
ಇನ್ನೊಂದರಲ್ಲಿ ಮಾತಾಡಿಸುತ್ತದೆ.
ಅದಕ್ಕೆ ಯಾವ ಬಣ್ಣದ ಚೀಟಿ ಬರೆಯಲಿ,
ಇವತ್ತಿಗೂ ತಿಳಿದಿಲ್ಲ.

ಮೂರು ವಾರದ ಮೇಲೆ ಡೊಮಿಂಗಸ್ ತಡವಾಗಿ ಬಂದಳು.
ಕೋಟು ಬಿಚ್ಚಿದಳು.
ನಿಂತೇ ಹೇಳಿದಳು, ಅಲ್ಲಲ್ಲಿ ಕ್ರಿಯಾಪದ ಬೀಳಿಸಿಕೊಂಡು:
ಕೈಗವಸು ಹರಿದದ್ದು. ಒಳಗೆ ಮಂಜುನೀರು.
ಎರಡು ದಿನ ನಾನು ಸುಮ್ಮನೆ.
ಇವತ್ತು ಬೆಲ್ಟು ಬಿಟ್ಟು ನಡೆದೆ.
"ಇದು ಸರಿಯಿಲ್ಲ, ಬೇರೆ ಕೊಡಿ. ಇಲ್ಲವೋ,
ಮ್ಯಾನೇಜರ ಹತ್ತಿರ ಮಾತಾಡಬೇಕು ನಾನು."

ಪಾಳಿಯ ಮೇಸ್ತ್ರಿ ವಿಡ್ಮಂತಾಸ್.
ಎರಡು ವರ್ಷದ ಹಿಂದೆ ಇದೇ ಕುರ್ಚಿಗಳಲ್ಲಿ, ಕಿಟಕಿ ಪಕ್ಕದ್ದರಲ್ಲಿ,
ನೀಲಿ ಚೀಟಿ ಕೈಗಿತ್ತರೆ ಬೆವರುತ್ತಿದ್ದವನು.
ಗವಸು ನೋಡಿದನಂತೆ. ಇವಳನ್ನು ನೋಡಿದನಂತೆ.
ಮುಖ ಬಿಗಿಹಿಡಿದು ಕೇಳಿದನಂತೆ,
"ರಸೀದಿ ಇದೆಯಾ?"

ಯಂತ್ರದ ಸದ್ದಿನಲ್ಲಿ ಆ ನಗು ಯಾರಿಗೂ ಕೇಳಿಸಿರಲಾರದು.
ತಲೆಯಿಲ್ಲದ ಹ್ಯಾಡಕ್ ಮೀನುಗಳು
ಸಾಲು ಮುರಿಯದೆ ಸಾಗಿದವಂತೆ.

ಹೊಸ ಗವಸು ಸಿಕ್ಕಿತಾ, ಅಂದೆ.
"ಕೊಡ್ತೀನಿ ಅಂದ."
ನೀನು?
ಡೊಮಿಂಗಸ್ ಕೆಟಲನ್ನು ತನ್ನ ಕಡೆ ಎಳೆದುಕೊಂಡು
ಮುಚ್ಚಳ ತೆಗೆದು ಒಳಗೆ ಇಣುಕಿದಳು.
"ಫ್ಯಾನ್? ಅಂತ ಕೇಳಿದೆ."

ನನ್ನ ಅಂಗೈ ಚುರುಕ್ ಅಂದಿತು.