ಹೆಪ್ಪು

ಈ ಕುರ್ಚಿಯ ಪಕ್ಕದಲ್ಲಿ ನಾನು ನಿಂತದ್ದೇ ಹೆಚ್ಚು.
ಹನ್ನೊಂದು ವರ್ಷ, ಬ್ಯಾಲರಾಟಿನ ಸ್ಟರ್ಟ್ ಬೀದಿಯ ಕ್ಲಿನಿಕ್ಕಿನಲ್ಲಿ
ಕನ್ನಡಕ್ಕೆ, ತೆಲುಗಿಗೆ, ಕಷ್ಟ ಬಿದ್ದರೆ ಹಿಂದಿಗೆ
ಬಾಡಿಗೆಗೆ ಬಿಟ್ಟ ಬಾಯಿ ನನ್ನದು:
ಗಂಟೆಗಿಷ್ಟು, ಪೆಟ್ರೋಲು ಬೇರೆ.

ಇವತ್ತು ಮಲಗಿದವಳು ನಾನೇ.
ಕೆಳದವಡೆ, ಬಲಗಡೆ, ಕಟ್ಟಕಡೆಯದು.
ಎಕ್ಸ್‌ರೇಯಲ್ಲಿ ನೋಡಿದೆ: ಕೊನೆ ಸ್ಟಾಪು ಬಂದರೂ ಏಳದೆ
ಹಿಂದಿನ ಸೀಟಿನಲ್ಲಿ ಅಡ್ಡಾದ ಪ್ರಯಾಣಿಕ.
ಬುದ್ಧಿಹಲ್ಲಂತೆ.
ಐವತ್ತೆರಡಕ್ಕೆ ತಲೆಯೆತ್ತಿದ ಬುದ್ಧಿಗೆ
ಹೊರಬರಲು ಜಾಗವಿಲ್ಲ.

ಡಾಕ್ಟರ್ ಟ್ರೆಲೋರ್ ಒಪ್ಪಿಗೆಯ ಕಾಗದ ಓದುತ್ತಾಳೆ.
ಅವಳ ಮುತ್ತಾತ ಈ ಊರಿನ ನೆಲದಡಿ ಚಿನ್ನ ಅಗೆದವನು.
‘ನಮ್ಮದು ತೋಡುವ ವಂಶ’ ಎನ್ನುತ್ತಾಳೆ ಎಲ್ಲರಿಗೂ.
ಆ ತಮಾಷೆಯನ್ನು ಮೂರು ಭಾಷೆಗೆ ತಂದಿದ್ದೇನೆ,
ಒಂದರಲ್ಲೂ ಯಾರೂ ನಕ್ಕಿಲ್ಲ.

‘ಒಸಡು ಕೊಯ್ದು, ಎಲುಬು ತುಸು ಕೊರೆದು,
ಹಲ್ಲನ್ನು ಎರಡು ಹೋಳು ಮಾಡಿ ತೆಗೆಯುತ್ತೇವೆ.
ಒತ್ತಿದ ಹಾಗಾಗುತ್ತದೆ, ನೋವಲ್ಲ.
ಅಪರೂಪಕ್ಕೆ, ಕೆಳತುಟಿಯ ಜೋಮು
ಹಾಗೇ ಉಳಿದುಬಿಡಬಹುದು.’

ಅಪರೂಪಕ್ಕೆ.
ಈ ಪದದ ಮೇಲೆ ಒಮ್ಮೆ ಜಾರಿ ಬಿದ್ದಿದ್ದೆ.
ಆಲೂಗಡ್ಡೆ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ನೇರ ಬಂದಿದ್ದ ಈರಬಸಪ್ಪ, ಕೆನ್ನೆ ಊದಿಸಿಕೊಂಡು, ಕೇಳಿದ್ದ:
‘ಅಪರೂಪ ಅಂದ್ರ ಚಲೋನ ಅಲ್ಲೇನ್ರೀ, ಅಕ್ಕಾರ?’
ಹೌದಲ್ಲ. ಅಪರೂಪದ ನೆಂಟರು, ಅಪರೂಪದ ಮಗು.
ಯಾವ ಬಾಯಲ್ಲಿ ಹೇಳಲಿ
ಸತ್ತ ತುಟಿಯೂ ಅಪರೂಪವೆಂದು?

ಸೂಜಿ. ಕಾಯುವುದು. ನರ್ಸ್ ಲಿಯೆನ್ ಹೀರುಗೊಳವೆ ಹಿಡಿದು ನಿಂತಳು.
ಆಮೇಲೆ ತಿಳಿಯಿತು,
ಹನ್ನೊಂದು ವರ್ಷ ತಪ್ಪು ಹೇಳಿದ್ದೇನೆ ಜನಕ್ಕೆ.
ಒತ್ತುವುದಲ್ಲ ಇದು.
ತಲೆಯ ಮೇಲಿನ ಮನೆಯವರು
ನಡುಮಧ್ಯಾಹ್ನ ಕಬ್ಬಿಣದ ಬೀರು ಎಳೆಯುವುದು,
ಎಳೆದದ್ದು ಸರಿಹೋಗದೆ
ಮತ್ತೆ ಮೊದಲಿನ ಗೋಡೆಗೇ ನೂಕುವುದು.
ಕಳಕ್.
ನೋವಿಲ್ಲ. ಅದು ನಿಜ.
ನೋವಿರಬೇಕಾದ ಜಾಗದಲ್ಲಿ ಬರೀ ಸದ್ದು.

‘ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು.
ಉಗುಳಬೇಡ, ಸ್ಟ್ರಾ ಹಾಕಿ ಹೀರಬೇಡ,
ಇವತ್ತು ಮುಕ್ಕಳಿಸಬೇಡ, ನಾಳೆಯಿಂದ ಉಪ್ಪುನೀರು.’
ಹತ್ತಿ ಕಚ್ಚಿಕೊಂಡೇ ತಲೆಯಾಡಿಸಿದೆ.
ಗೊತ್ತು, ಗೊತ್ತು, ಬಾಯಿಪಾಠ.

ಅಂದು ಇದನ್ನೇ ಕೇಳಿ ಈರಬಸಪ್ಪನ ಮುಖ ಬೆಳಗಿತ್ತು:
‘ಹೆಪ್ಪ ಹಾಕಿದ ಗಡಿಗಿ ಅಳ್ಳಾಡಸಬಾರದು,
ಅಷ್ಟ ಹೌದಿಲ್ಲೋ?’
ಏನಂದ, ಎಂದು ಟ್ರೆಲೋರ್ ಕೇಳಿದಳು.
ಗಡಿಯಾರ ನೋಡಿದೆ, ಹೊರಗೆ ಇನ್ನಿಬ್ಬರು ಕಾದಿದ್ದರು.
‘ಅರ್ಥವಾಯಿತಂತೆ’ ಎಂದೆ.
ಆ ಮೊಸರನ್ನು ನಾನೇ ಇಟ್ಟುಕೊಂಡೆ.

ಕಾರಿನ ಕನ್ನಡಿಯಲ್ಲಿ ಬಾಯಿ ಪರೀಕ್ಷೆ.
‘ನಾಳೆ’ ಅನ್ನು.
ನಾಯೆ.
ಮತ್ತೆ ಅನ್ನು.
ನಾಲಿಗೆ ಮಡಿಸಿದರೂ ಅಂಗುಳ ಸಿಗದು,
ಜೊಲ್ಲು ಗಲ್ಲಕ್ಕಿಳಿದದ್ದೂ ಗೊತ್ತಾಗದು.
ನಾಳೆಯಿಲ್ಲದ ಬಾಯಿ ಹೊತ್ತು
ವೆಂಡೂರಿ ಕೆರೆಯ ದಂಡೆ ಸುತ್ತಿ ಮನೆಗೆ ಬಂದೆ.
ಕಪ್ಪು ಹಂಸಗಳು ಚಳಿಯಲ್ಲಿ ಕತ್ತು ಮುಚ್ಚಿಕೊಂಡಿದ್ದವು.

ಜುಲೈಯ ರಾತ್ರಿ. ತಣ್ಣನೆ ಗಂಜಿ. ಕೆನ್ನೆಗೆ
ಟವೆಲಿನಲ್ಲಿ ಸುತ್ತಿದ ಬಟಾಣಿಯ ಪೊಟ್ಟಣ.
ಹೀಟರಿನ ಪಕ್ಕ ಇನ್ನೊಂದು ಟವೆಲು ಸುತ್ತಿ
ಹಾಲಿಗೆ ಹೆಪ್ಪು ಹಾಕಿಟ್ಟೆ.
ಒಂದು ಬೆಚ್ಚಗೆ, ಒಂದು ತಣ್ಣಗೆ,
ಎರಡನ್ನೂ ಮುಟ್ಟಬಾರದು.
ಮೂರನೆಯ ದಿನಕ್ಕೆ ಮುಖ ಊದಿ ಕುಂಬಳವಾಯಿತು,
ಅದೂ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇ,
ಆದರೂ ಹೆದರಿದೆ.

ಎಂಟನೆಯ ದಿನ ಮತ್ತೆ ಅದೇ ಕುರ್ಚಿ.
‘ನಾಲ್ಕು ವರ್ಷದ ಹಿಂದೆ ಒಬ್ಬರು
ಮೊಸರಿನ ಮಾತು ಹೇಳಿದ್ದರು’ ಎಂದು ಶುರುಮಾಡಿದೆ.
‘ಯಾವ ಮೊಸರು?’
ಹೇಳಬೇಕು. ಹೆಪ್ಪು ಅಂದರೆ,
ನಿನ್ನೆಯ ಮೊಸರಿನ ಒಂದು ಚಮಚ, ಅದು, ರಾತ್ರಿಯೆಲ್ಲಾ...
ಇಂಗ್ಲಿಷಿನಲ್ಲಿ ಪದ ಹುಡುಕುತ್ತ
ಬಾಯಿ ತೆರೆದೇ ಕೂತೆ.

ತೆರೆದ ಬಾಯಿ ಕಂಡು ಟ್ರೆಲೋರ್
ಪುಟ್ಟ ಕನ್ನಡಿ ಒಳಗಿಟ್ಟು ಇಣುಕಿದಳು.
‘ಚೆನ್ನಾಗಿ ಕೂಡಿಕೊಂಡಿದೆ’ ಎಂದಳು.